ಬೆಕ್ಕಿನ ಟ್ರೇಗೊಂದು ಹದ್ದುಬಸ್ತು

ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇದೆ ಅಂತ ನಂಬಿದವನು ನಾನು. ಓರಗೆಯವನು ಸೈಟು ಕೊಂಡ, ಷಡ್ಡಕನ ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿತು, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನು ನಮ್ಮ ತಲೆಯ ಮೇಲಿನ ಕುರ್ಚಿಗೆ ಬಂದು ಕೂತ, ಇಂಥದ್ದಕ್ಕೆಲ್ಲ ಹೊಟ್ಟೆ ಉರಿದರೆ ಬೇರೆ ಹೆಸರು ಇಟ್ಟಾದರೂ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಕಾಲ ಕೆಟ್ಟಿತು ಅನ್ನಬಹುದು, ವಶೀಲಿ ಅನ್ನಬಹುದು. ಕೇಳಿದವರೂ ತಮ್ಮ ತಮ್ಮ ಹೊಟ್ಟೆ ಮುಟ್ಟಿ ನೋಡಿಕೊಂಡು ಹೌದೌದು ಅನ್ನುತ್ತಾರೆ. ಆದರೆ ಇಬ್ಬರು ಹೆಣ್ಣುಮಕ್ಕಳ ಮದುವೆ ಮುಗಿಸಿ, ತಲೆಯ ಮೇಲಿನ ಕೂದಲನ್ನೂ ಮುಗಿಸಿಕೊಂಡ ಸರ್ಕಾರಿ ನೌಕರನೊಬ್ಬ ಮೂರು ಕೆಜಿ ತೂಕದ ಒಂದು ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದರೆ ಅದನ್ನು ಯಾರ ಹತ್ತಿರ ಹೇಳಬೇಕು? ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ. ನೀವು ನಮ್ಮ ಆಫೀಸಿನವರಲ್ಲ, ನೆಂಟರೂ ಅಲ್ಲ.

ನಾನು ಸರ್ವೆಯರ್. ಮನೆ ಶಿಕಾರಿಪುರದಲ್ಲಿ, ಕೆಲಸ ಸೊರಬದಲ್ಲಿ. ದಿನವೂ ಬಸ್ಸು. ಶಿರಾಳಕೊಪ್ಪದಲ್ಲಿ ಡ್ರೈವರು ಚಾ ಕುಡಿಯಲು ಇಳಿದರೆ ಅವನು ವಾಪಸ್ ಬರುವಷ್ಟರಲ್ಲಿ ಪಕ್ಕದವರ ಪೇಪರಿನ ಒಳಪುಟವನ್ನೂ ಓದಿ ಮುಗಿಸಿರುತ್ತೇನೆ. ಮೂವತ್ತು ವರ್ಷದಿಂದ ನಾನು ಮಾಡಿದ್ದು ಒಂದೇ ಕೆಲಸ: ಇಲ್ಲಿಂದ ಇಲ್ಲಿಗೆ ನಿಂದು, ಅಲ್ಲಿಂದ ಅತ್ತ ಅವಂದು ಅಂತ ಅಳೆದು ತೋರಿಸಿ, ನಡುವೆ ಬಾಂದು ಕಲ್ಲು ನೆಡಿಸಿ, ಇಬ್ಬರ ಬೈಗುಳವನ್ನೂ ಸಮವಾಗಿ ತಿಂದು ಮನೆಗೆ ಬರುವುದು. ಹೀಗೆ ಗಡಿ ಗುರುತಿಸಿ ಕೊಡುವುದಕ್ಕೆ ಹದ್ದುಬಸ್ತು ಅನ್ನುತ್ತಾರೆ. ಅಣ್ಣತಮ್ಮಂದಿರು ಕುಡುಗೋಲು ಹಿಡಿದು ನಿಂತ ಹೊಲದಲ್ಲೂ ಹದ್ದುಬಸ್ತು ಮಾಡಿದ್ದೇನೆ. ಅಲ್ಲಿ ಕಲಿತ ಒಂದು ಉಪಾಯವಿದೆ. ಜಗಳ ಜೋರಾದರೆ ಒಬ್ಬನ ಕೈಗೆ ಟೇಪಿನ ತುದಿ ಕೊಡಬೇಕು, ಇನ್ನೊಬ್ಬನಿಗೆ ಗೂಟ ಹಿಡಿಸಬೇಕು. ಕೈಗೆ ಕೆಲಸ ಸಿಕ್ಕರೆ ಬಾಯಿಗೆ ಅರ್ಧ ರಜೆ.

ಈ ಬೆಕ್ಕನ್ನು ಮನೆಗೆ ತಂದವನೂ ನಾನೇ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ ಅಂತಾರಲ್ಲ, ಅದು. ಆನವಟ್ಟಿಯ ಹತ್ತಿರದ ಒಂದು ಹಳ್ಳಿಯಲ್ಲಿ ಎರಡು ಎಕರೆ ಜಮೀನಿಗೆ ಅಣ್ಣ ತಮ್ಮ ಕಿತ್ತಾಡುತ್ತಿದ್ದರು. ಬದು ನಂದು, ಬೇಲಿ ನಂದು, ಹುಣಸೆ ಮರ ನಂದು, ಮರದ ನೆರಳೂ ನಂದು ಅಂತ ಬೆಳಿಗ್ಗೆಯಿಂದ ನಡೆದಿತ್ತು. ಹಳೇ ಬಾಂದು ಕಲ್ಲು ಹುಡುಕಿ ಕಸ ಸರಿಸಿದರೆ ಅದರ ಮೇಲೆ ಅಂಗೈಯಗಲದ ಒಂದು ಬೆಕ್ಕಿನ ಮರಿ, ಊರ ಪಟೇಲನ ಗತ್ತಿನಲ್ಲಿ ಕೂತಿತ್ತು. ಇದು ಯಾರದ್ದಪ್ಪ ಅಂತ ಕೇಳಿದೆ. ನಂದಲ್ಲ ಅಂದ ಅಣ್ಣ. ನಂದಂತೂ ಅಲ್ಲವೇ ಅಲ್ಲ ಅಂದ ತಮ್ಮ. ಆ ಎರಡು ಎಕರೆಯಲ್ಲಿ ಇಬ್ಬರೂ ತಮ್ಮದಲ್ಲ ಅಂದದ್ದು ಅದೊಂದನ್ನೇ. ಮನೆಯಲ್ಲಿ ಅಕ್ಕಿ ಚೀಲಕ್ಕೆ ಇಲಿ ಬೀಳುತ್ತಿದೆ ಅಂತ ನನ್ನ ಹೆಂಡತಿ ಮಂಗಳಾ ವಾರದಿಂದ ಹೇಳುತ್ತಿದ್ದಳು. ಫೈಲಿನ ಚೀಲದೊಳಗೆ ಹಾಕಿಕೊಂಡು ಬಂದೆ.

ಕಲ್ಲಿನ ಮೇಲೆ ಪಟೇಲನ ಹಾಗೆ ಕೂತಿತ್ತು ಅಂತ ನಾನೇ ಬಾಯಿಬಿಟ್ಟು ಹೇಳಿದ್ದು ತಪ್ಪಾಯಿತು. ಅವತ್ತು ಸಂಜೆಯೇ ಅದಕ್ಕೆ ಪಟೇಲ ಅಂತ ಹೆಸರಾಯಿತು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ, ನಿಮಗೂ ಗೊತ್ತು. ಮದುವೆಯ ದಿನ ನಾಲ್ಕು ಜನ ಪೀಡಿಸಿದಾಗ ಒಂದು ಸಲ ನನ್ನ ಹೆಸರನ್ನು ಒಗಟಿನಲ್ಲಿ ಕಟ್ಟಿ ಹೇಳಿದ್ದು ಬಿಟ್ಟರೆ ಮಂಗಳಾ ಇವತ್ತಿಗೂ ನನ್ನನ್ನು ಕರೆಯುವುದು 'ರೀ' ಅಂತ. ಒಂದೇ ಅಕ್ಷರ. ಅದರಲ್ಲೇ ಸಿಟ್ಟು, ಅದರಲ್ಲೇ ಪ್ರೀತಿ, ಅದರಲ್ಲೇ ಗ್ಯಾಸ್ ಮುಗಿದಿದೆ ಅನ್ನುವ ಸುದ್ದಿ. ಈ ಪ್ರಾಣಿಗೆ ಬಂದ ಎರಡೇ ವಾರದಲ್ಲಿ ಪಟೇಲ, ಪಟೇಲಪ್ಪ, ನನ್ನಪ್ಪ, ನನ್ನ ಬಂಗಾರ, ಅದು ಮುನಿಸಿಕೊಂಡ ದಿನ ಬಹುವಚನದಲ್ಲಿ 'ಪಟೇಲರು'. ಪಟೇಲರು ಇವತ್ತು ಊಟ ಮಾಡಲಿಲ್ಲವಲ್ಲ ಅಂತ ಕೇಳುತ್ತಾಳೆ. ನಾನು ಒಂದು ಚಪಾತಿ ಕಡಿಮೆ ತಿಂದರೆ ಆಫೀಸಿನಲ್ಲಿ ಯಾರೋ ಬೋಂಡಾ ತರಿಸಿರಬೇಕು ಅನ್ನುತ್ತಾಳೆ. ಹಾಲಿನ ಕೆನೆ ನನ್ನ ಕೊಲೆಸ್ಟ್ರಾಲಿಗೆ ಆಗದು, ಪಟೇಲನ ಕೂದಲಿಗೆ ಒಳ್ಳೆಯದು. ನಾನು ಎಂಟು ದಿನ ಕೆಮ್ಮಿದೆ, ಶುಂಠಿ ಕಷಾಯ ಕುಡೀರಿ ಅಂದಳು. ಅದು ಎರಡು ಸಲ ಸೀನಿತು, ದನದ ಡಾಕ್ಟರಿಗೆ ಫೋನು ಹೋಯಿತು. ಇಷ್ಟಾದರೂ ಆ ಮಹಾಶಯ ಒಂದು ಇಲಿ ಹಿಡಿದಿದ್ದರೆ ನನ್ನ ಮಾತು ವಾಪಸ್. ಇಲಿ ಅಕ್ಕಿ ಚೀಲ ಬಿಟ್ಟು ಗೋದಿ ಚೀಲಕ್ಕೆ ಹೋಯಿತು ಅಷ್ಟೇ.

ಮೊದಮೊದಲು ಅದು ತನ್ನ ಕೆಲಸಕ್ಕೆ ಹೊರಗೆ ಹೋಗುತ್ತಿತ್ತು. ಹೊರಗೆ ಅಂದರೆ ಪಕ್ಕದ ಮನೆಯ ನಾಗರತ್ನಮ್ಮನ ಕೊತ್ತಂಬರಿ ಮಡಿಗೆ. ಆಕೆ ಸಂಜೆ ಬೀಜ ಬಿತ್ತಿ ನೀರು ಹಾಕಿ ಹೋದರೆ ಬೆಳಿಗ್ಗೆ ಪಟೇಲ ಹೋಗಿ ಹದವಾದ ಮಣ್ಣು ಕೆದರಿ, ಕೂತು, ಮುಚ್ಚಿ, ಮೂಸಿ ನೋಡಿ ಬರುತ್ತಿತ್ತು. ಮೂರನೇ ಸಲ ಬಿತ್ತನೆ ಕೆಟ್ಟ ದಿನ ಆಕೆ ಕಾಂಪೌಂಡಿನ ಮೇಲಿಂದ ನನ್ನನ್ನೇ ಕರೆದು, ಊರವರ ಒತ್ತುವರಿ ಬಿಡಿಸೋರ ಮನೆ ಬೆಕ್ಕೇ ನಮ್ಮ ಹಿತ್ತಲು ಒತ್ತುವರಿ ಮಾಡಿದರೆ ನಾವು ಯಾವ ಆಫೀಸಿಗೆ ಅರ್ಜಿ ಕೊಡಬೇಕು ಅಂತ ಕೇಳಿದಳು. ಸರ್ವೆಯರಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಆ ವಾರವೇ ಬೀದಿನಾಯಿಗಳು ಪಟೇಲನನ್ನು ಲೈಟು ಕಂಬದ ತನಕ ಅಟ್ಟಿಸಿಕೊಂಡು ಹೋದವು. ಇವೆರಡನ್ನೂ ನೋಡಿ ಮಂಗಳಾ ತೀರ್ಮಾನ ಮಾಡಿದಳು: ಇನ್ನು ಬೆಕ್ಕು ಹೊರಗೆ ಹೋಗುವುದು ಬೇಡ, ಮನೆಯೊಳಗೇ ಮರಳು ತುಂಬಿದ ಟ್ರೇ ಇಡೋಣ.

ನಮ್ಮ ಅವ್ವನಿಗೆ ಎಂಬತ್ತು ದಾಟಿದೆ. ಬೆಕ್ಕಿಗೆ ಮನೆಯೊಳಗೆ ಕಕ್ಕಸು ಅಂದರೆ ಆಕೆಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಅರ್ಧ ತಾಸು ನಕ್ಕಳು. ನಾವು ಸಣ್ಣವರಿದ್ದಾಗ ಮನುಷ್ಯರಿಗೇ ಮನೆಯೊಳಗೆ ಇರಲಿಲ್ಲ, ಚೊಂಬು ಹಿಡಿದು ಕೆರೆ ಕಡೆ ಹೋಗಬೇಕಿತ್ತು ಅಂತ ನೆನಪು ಮಾಡಿಕೊಂಡಳು. ನಕ್ಕು ಮುಗಿದ ಮೇಲೆ ಷರತ್ತು ಶುರುವಾಯಿತು. ಅಡುಗೆ ಮನೆಯ ಕಡೆ ಸುಳಿಯುವ ಹಾಗಿಲ್ಲ. ದೇವರ ಕೋಣೆಯ ಗೋಡೆಗೆ ಆ ಕಡೆಯಿಂದಲೂ ತಾಗುವ ಹಾಗಿಲ್ಲ, ಏಕೆಂದರೆ ಆಕೆ ಬೆಳಿಗ್ಗೆ ಲಿಂಗಪೂಜೆಗೆ ಕೂರುವುದು ಆ ಗೋಡೆಗೆ ಒರಗಿ. ಬಚ್ಚಲು ಮನೆಯಲ್ಲಿ ಇಟ್ಟರೆ ಮರಳಿನ ಮೇಲೆ ಕಾಲು ಜಾರಿ ತಾನು ಬೀಳುತ್ತೇನೆ ಅಂದಳು. ಅಲ್ಲಿ ಪಟೇಲನೂ ಒಪ್ಪಲಿಲ್ಲ. ಒದ್ದೆ ನೆಲದ ಮೇಲೆ ಕಾಲಿಟ್ಟು, ಒಂದೊಂದೇ ಪಾದ ಎತ್ತಿ ಕೊಡವಿ, ನಮ್ಮನ್ನೆಲ್ಲ ಅಸಹ್ಯದಿಂದ ನೋಡಿ ಹೊರಗೆ ಬಂತು. ಮಂಚದ ಕೆಳಗೆ ಇಡೋಣವಾ ಅಂದಳು ಮಂಗಳಾ. ಮೂವತ್ತು ವರ್ಷ ಸರ್ಕಾರಿ ಸೇವೆ ಸಲ್ಲಿಸಿದವನು ಬೆಕ್ಕಿನ ಕಕ್ಕಸಿನ ಮೇಲೆ ಮಲಗುವುದಿಲ್ಲ ಅಂದೆ.

ಇಲ್ಲಿ ನಾನೊಂದು ವಿಷಯ ಹೇಳಲೇಬೇಕು. ನಮ್ಮ ಹಾಲಿನಲ್ಲಿ ಪೂರ್ವದ ಕಿಟಕಿಯ ಪಕ್ಕ ಒಂದು ಮೂಲೆ ಇದೆ. ಅಲ್ಲಿ ನನ್ನ ಬೆತ್ತದ ಕುರ್ಚಿ, ಎದುರಿಗೊಂದು ಸ್ಟೂಲು. ಅದನ್ನು ಏನಂತೀರಿ ಅಂತ ಕೇಳಿದರೆ ಪೇಪರ್ ಓದುವ ಜಾಗ ಅಂತಿದ್ದೆ. ಅದು ಸುಳ್ಳು. ಪೇಪರನ್ನು ನಾನು ಬಸ್ಸಿನಲ್ಲಿ ಓದುತ್ತೇನೆ. ಬೆಳಿಗ್ಗೆ ಆರೂವರೆಗೆ ಮಂಗಳಾ ಎರಡು ಲೋಟ ಚಾ ತಂದು, ಒಂದನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಆ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಹತ್ತು ನಿಮಿಷ. ಆಮೇಲೆ ಅವಳಿಗೆ ಅಡುಗೆ, ಈಸೂರಿನ ಕಡೆಯ ಶಾಲೆಗೆ ಹೋಗುವ ಆಟೋ. ನನಗೆ ಸ್ನಾನ, ಸೊರಬದ ಬಸ್ಸು. ಆ ಹತ್ತು ನಿಮಿಷದಲ್ಲಿ ಅವಳು ಮಾತಾಡುತ್ತಿದ್ದಳು. ಹೆಡ್ ಮೇಡಂ ಏನಂದರು, ಯಾವ ಹುಡುಗಿ ಮಗ್ಗಿ ತಪ್ಪಿದಳು, ಆನವಟ್ಟಿಯಲ್ಲಿರುವ ತಂಗಿ ಫೋನಿನಲ್ಲಿ ಏನು ಅತ್ತಳು. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಹೂಂ ಅನ್ನುತ್ತಿದ್ದೆ. ಹಿಡಿದ ಪುಟ ಎಷ್ಟೋ ಸಲ ಟೆಂಡರ್ ಜಾಹೀರಾತಿನದ್ದಾಗಿರುತ್ತಿತ್ತು. ಇಡೀ ದಿನದಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಹತ್ತು ನಿಮಿಷ, ಆದರೆ ಅದನ್ನು ನಾನು ಯಾವತ್ತೂ ಅವಳಿಗೆ ಹೇಳಿರಲಿಲ್ಲ.

ದನದ ಡಾಕ್ಟರು ಫೋನಿನಲ್ಲಿ ಏನು ಹೇಳಿದರೋ ನನಗೆ ಗೊತ್ತಿಲ್ಲ, ಮಂಗಳಾ ಹೇಳಿದ್ದು ಇಷ್ಟು. ಬೆಕ್ಕಿನ ಟ್ರೇಗೆ ಗಾಳಿ ಬೆಳಕು ಬೇಕು, ಸದ್ದುಗದ್ದಲ ಇರಬಾರದು, ಅದರ ಊಟದ ತಟ್ಟೆಯಿಂದ ದೂರವಿರಬೇಕು, ಜನ ಹೆಚ್ಚು ಓಡಾಡದ ಮೂಲೆಯಾಗಿರಬೇಕು. ಹೇಳಿ ಮುಗಿಸಿ ಅವಳು ನನ್ನ ಕಡೆ ನೋಡಿದಳು. ನನ್ನ ಕಡೆ ಅಲ್ಲ, ನನ್ನ ಕುರ್ಚಿಯ ಕಡೆ. ಅಲ್ಲಿ ಆಗಲೇ ಪಟೇಲ ಹಳೇ ಪೇಪರಿನ ಕಟ್ಟನ್ನು ಮುಂಗಾಲಿನಲ್ಲಿ ಕೆದರಿ ಮಣ್ಣಿನ ಹದ ನೋಡುತ್ತಿತ್ತು. ಹಾಲಿನ ಕೆನೆ ಹೋಯಿತು, ಬಿಟ್ಟೆ. ಹೆಸರು ಹಿಡಿದು ಕರೆಸಿಕೊಂಡಿತು, ಬಿಟ್ಟೆ. ಇನ್ನು ಈ ಮೂಲೆಯೂ ಅದಕ್ಕೇ ಆಗಬೇಕಾ?

ನೇರವಾಗಿ ಬೇಡ ಅಂದರೆ ಯಾಕೆ ಅನ್ನುತ್ತಾಳೆ. ಯಾಕೆ ಅಂತ ಹೇಳುವ ಧೈರ್ಯ ನನಗಿಲ್ಲ. ಹಾಗಾಗಿ ಕಸುಬಿನ ದಾರಿ ಹಿಡಿದೆ. ಭಾವನೆಯಿಂದ ಇಂಥ ವಿಷಯ ತೀರ್ಮಾನ ಆಗಬಾರದು, ಭಾನುವಾರ ಮನೆ ಅಳೆದು ನಕ್ಷೆ ಮಾಡಿ ನೋಡೋಣ ಅಂದೆ. ಅವ್ವನನ್ನು ಪಂಚರ ಜಾಗದಲ್ಲಿ ಬಾಗಿಲ ಬಳಿ ಕುರ್ಚಿ ಹಾಕಿ ಕೂರಿಸಿದೆ. ಟೇಪಿನ ಒಂದು ತುದಿಯನ್ನು ಮಂಗಳಾ ಕೈಗೆ ಕೊಟ್ಟೆ. ನಡುಮನೆ ಓಡಾಡುವ ದಾರಿ, ಹೊಲದ ಬಂಡಿದಾರಿ ಇದ್ದ ಹಾಗೆ, ಯಾರಿಗೂ ಮಂಜೂರು ಮಾಡಲು ಬರುವುದಿಲ್ಲ ಅಂತ ಬರೆದೆ. ಕಿಟಕಿ ಮೂಲೆ ಬಹಳ ವರ್ಷದಿಂದ ಒಬ್ಬರ ಅನುಭವದಲ್ಲಿದೆ, ತಕರಾರಿಲ್ಲ ಅಂತ ಬರೆದೆ. ಭೂಮಿ ಅನುಭವಿಸಿದವರದ್ದು, ಅನುಭವಿಸಿದವರೇ ಕಂದಾಯ ಕಟ್ಟಬೇಕು ಅಂತ ದಿನಾ ರೈತರಿಗೆ ಹೇಳುವ ಮಾತನ್ನೂ ಒಂದು ಸಲ ಜೋರಾಗಿ ಹೇಳಿದೆ. ಉಳಿದದ್ದು ಹಿಂದಿನ ಪಡಸಾಲೆ. ಗ್ರಿಲ್ ಇದೆ, ನಾಯಿ ಬರುವುದಿಲ್ಲ, ಗಾಳಿ ಬೆಳಕು ಧಾರಾಳ. ತೊಂದರೆ ಒಂದೇ. ವಾಷಿಂಗ್ ಮೆಷಿನ್ನಿಗೂ ಗೋಡೆಗೂ ನಡುವಿನ ಸಂದು ಚಿಕ್ಕದು, ಅಲ್ಲಿ ಟ್ರೇ ಹಿಡಿಸಿದರೂ ಬೆಕ್ಕು ತಿರುಗಲು ಆಗುವುದಿಲ್ಲ ಅಂತ ಮಂಗಳಾ ಅಂದಳು. ಅಳೆದೇ ಬಿಡೋಣ ಅಂದೆ.

ಸರ್ವೆ ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುವ ಪಾಠ, ಟೇಪು ಬಿಗಿಯಾಗಿ ಹಿಡಿ ಅಂತ. ಟೇಪು ಜೋಲು ಬಿಟ್ಟರೆ ಇರುವುದಕ್ಕಿಂತ ಜಾಸ್ತಿ ಅಳತೆ ತೋರಿಸುತ್ತದೆ. ಮೂವತ್ತು ವರ್ಷದಲ್ಲಿ ಎಷ್ಟೋ ಜನ ಎಷ್ಟೋ ತರದಲ್ಲಿ ಆಸೆ ತೋರಿಸಿದ್ದಾರೆ. ಒಂದು ಗೇಣು ಟೇಪನ್ನೂ ನಾನು ಜೋಲು ಬಿಟ್ಟವನಲ್ಲ. ಅವತ್ತು ನನ್ನ ಮನೆಯ ಹಿಂದಿನ ಪಡಸಾಲೆಯಲ್ಲಿ, ಅವ್ವನ ಎದುರಿಗೆ, ಒಂದು ಬೆಕ್ಕಿನ ಮೇಲಿನ ಹೊಟ್ಟೆಕಿಚ್ಚಿಗೆ ಬಿಟ್ಟೆ. ಒಂದಡಿಯ ಸಂದು ಒಂದೂವರೆ ಅಡಿಯಾಯಿತು. ಧಾರಾಳ ಸಾಕು ಅಂತ ಷರಾ ಬರೆದು ಮಹಜರು ಮಾಡಿದೆ. ಅವ್ವ ಸಹಿ ಹಾಕಿದಳು, ಮಂಗಳಾ ಟೇಪನ್ನೊಮ್ಮೆ ನೋಡಿ ಸಹಿ ಹಾಕಿದಳು. ಪಟೇಲನ ಮುಂಗಾಲನ್ನು ಸ್ಟ್ಯಾಂಪ್ ಪ್ಯಾಡಿಗೆ ಒತ್ತಿ ಕಾಗದದ ಮೇಲೂ ಒತ್ತಿಸಿಕೊಂಡೆ. ಅದು ಆ ಮಸಿ ಕಾಲಿನಲ್ಲೇ ನನ್ನ ಬಿಳಿ ಪಂಚೆಯ ಮೇಲೆ ಇನ್ನೂ ನಾಲ್ಕು ಸಹಿ ಹಾಕಿ ಹೋಯಿತು.

ಮರುದಿನ ಗೆದ್ದವನ ಠೀವಿಯಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತೆ. ಆರೂವರೆಗೆ ಚಾ ಬಂತು. ಮಂಗಳಾ ನನ್ನ ಲೋಟವನ್ನು ಸ್ಟೂಲಿನ ಮೇಲೆ ಇಟ್ಟು, ತನ್ನ ಲೋಟ ಹಿಡಿದು ಹಿಂದಕ್ಕೆ ಹೋದಳು. ನೋಡಿದರೆ ಪಟೇಲ ಆ ಸಂದಿಯಲ್ಲಿ ಮುಂದಕ್ಕೆ ಹೋಗಿ ಹಿಂದಕ್ಕೆ ಬರಬೇಕು, ತಿರುಗಲು ಜಾಗವಿಲ್ಲ. ಹೆದರಿಕೆಗೆ ಅದು ಒಂಟಿಯಾಗಿ ಹೋಗಲು ಒಪ್ಪುತ್ತಿಲ್ಲ. ಎದುರಿಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳು ಕೂತು ಧೈರ್ಯ ಹೇಳುತ್ತಿದ್ದರೆ ಮಾತ್ರ ಕೆಲಸ. ಧೈರ್ಯ ಹೇಳುತ್ತಾ ಹೇಳುತ್ತಾ ಮಾತು ಬೆಳೆಯಿತು. ನಾನು ಕೂತಲ್ಲಿಂದಲೇ ಕೇಳಿಸಿಕೊಂಡೆ. ಹೆಡ್ ಮೇಡಂ ಏನಂದರು ಅನ್ನುವುದು ಬಂತು, ಮಗ್ಗಿ ತಪ್ಪಿದ ಹುಡುಗಿ ಬಂದಳು. ಅವಳು ದನಿ ತಗ್ಗಿಸಿದಾಗ ಉಳಿದದ್ದು ಕೇಳಿಸಲಿಲ್ಲ. ಹತ್ತು ನಿಮಿಷ ಕಾಲು ಗಂಟೆಯಾಯಿತು. ನಾನು ಪೇಪರ್ ಓದಿದೆ. ನಿಜವಾಗಿ ಓದಿದೆ, ಅಷ್ಟು ಬೇಜಾರಾಗಿತ್ತು. ದಿನವೂ ಇದೇ ಆಯಿತು. ಗೆದ್ದ ಮೂಲೆಯಲ್ಲಿ ಬಿಸಿಲು ಬರುತ್ತಿತ್ತು, ಗಾಳಿ ಬರುತ್ತಿತ್ತು, ಹೆಂಡತಿ ಮಾತ್ರ ಬರುತ್ತಿರಲಿಲ್ಲ.

ಮೂರನೇ ವಾರ ಆನವಟ್ಟಿ ಕಡೆ ಅಳತೆಗೆ ಹೋಗಿದ್ದೆ. ಅದೇ ಅಣ್ಣ ತಮ್ಮಂದಿರಲ್ಲಿ ತಮ್ಮ ಸಿಕ್ಕಿ, ನಮಸ್ಕಾರ ಮಾಡಿ, ಸಾಹೇಬರ ನಾದಿನಿಯ ಮಗಳಿಗೆ ಗಂಡು ಗೊತ್ತಾಯಿತಂತಲ್ಲ, ಒಳ್ಳೆ ಮನೆತನ ಬಿಡಿ ಅಂದ. ನನಗೆ ಗೊತ್ತೇ ಇರಲಿಲ್ಲ. ನನ್ನ ಹೆಂಡತಿಯ ಒಡಹುಟ್ಟಿದ ತಂಗಿಯ ಮಗಳ ಮದುವೆಯ ಸುದ್ದಿಯನ್ನು ಬದುವಿನ ಮೇಲೆ ನಿಂತವನೊಬ್ಬನಿಂದ ಕೇಳಿ, ಹೌದೌದು, ಎಲ್ಲ ಬಸವಣ್ಣನ ದಯೆ ಅಂದು ಮುಖ ಉಳಿಸಿಕೊಂಡೆ. ಅವತ್ತು ಬಸ್ಸು ಶಿರಾಳಕೊಪ್ಪದಲ್ಲಿ ನಿಂತಾಗ ಪಕ್ಕದವರು ಪೇಪರ್ ಕೊಟ್ಟರೂ ಬೇಡ ಅಂದೆ.

ಮನೆಗೆ ಬಂದವನೇ ಕೇಳಿದೆ. ಮಂಗಳಾಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಹೇಳಿದೆನಲ್ಲ ರೀ? ಸೋಮವಾರ ಬೆಳಿಗ್ಗೆನೇ ಪೂರ್ತಿ ಹೇಳಿದ ನೆನಪು ನನಗೆ." ಸ್ವಲ್ಪ ಯೋಚಿಸಿದಳು. "ಪಟೇಲನ ಹತ್ರ ಹೇಳಿದ್ನೇನೋ. ನಿಮಗೂ ಹೇಳಿ ಆಯ್ತು ಅಂದ್ಕೊಂಡೆ."

ನನಗೆ ಕೋಪ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ನನಗೆ ಹೇಳುವುದಕ್ಕೂ ಬೆಕ್ಕಿಗೆ ಹೇಳುವುದಕ್ಕೂ ವ್ಯತ್ಯಾಸವೇ ತಿಳಿಯದ ಹಾಗೆ ನಾನು ಇಷ್ಟು ವರ್ಷ ಹೂಂ ಅಂದಿದ್ದೆ. ಬೆಕ್ಕಾದರೂ ಪೇಪರ್ ಅಡ್ಡ ಹಿಡಿಯುವುದಿಲ್ಲ.

ಮುಂದಿನ ಭಾನುವಾರ ನಾನೇ ಎದ್ದು, ಹಿಂದಿನ ಅಳತೆಯಲ್ಲಿ ಸಣ್ಣದೊಂದು ತಪ್ಪಾಗಿದೆ, ಪಟೇಲನಿಗೆ ಅನ್ಯಾಯವಾಗಿದೆ, ಟ್ರೇಯನ್ನು ಕಿಟಕಿ ಮೂಲೆಗೆ ತರೋಣ ಅಂತ ಘೋಷಿಸಿದೆ. ಅವ್ವ ಕನ್ನಡಕ ಏರಿಸಿ ನನ್ನನ್ನು ನೋಡಿದಳು.

"ಮೂವತ್ತು ವರ್ಷ ಮಂದಿ ಹೊಲ ಅಳದೀಯಲ್ಲೋ ತಮ್ಮಾ, ಮನಿ ಸಂದಿ ಅಳಿಯಾಕ ಬರ್ಲಿಲ್ಲೇನು?" ಅಂದಳು.

ನಾನು ಟೇಪು ಹಳೆಯದು, ಬಿಸಿಲಿಗೆ ಹಿಗ್ಗಿತ್ತು ಅಂತ ಏನೋ ಶುರು ಮಾಡಿದೆ. ಮಂಗಳಾ ಪಟೇಲನ ಕತ್ತು ಕೆರೆಯುತ್ತಾ ಕೂತಿದ್ದವಳು ತಲೆಯೆತ್ತದೆ ಹೇಳಿದಳು: "ಟೇಪಿನ ಇನ್ನೊಂದು ತುದಿ ನನ್ನ ಕೈಯಲ್ಲೇ ಇತ್ತಲ್ಲ ರೀ. ಜೋಲು ಬಿಟ್ಟಿದ್ದು ಅವತ್ತೇ ಗೊತ್ತಾಯ್ತು."

ಮತ್ತೆ ಯಾಕೆ ಸಹಿ ಹಾಕಿದೆ ಅಂತ ಕೇಳಿದೆ. ಒಂದು ಚೂರು ಟೇಪನ್ನೂ ಸಡಿಲ ಬಿಡದ ಮನುಷ್ಯ ಇದಕ್ಕೆ ಬಿಟ್ಟಿದ್ದಾರೆ ಅಂದರೆ ಆ ಮೂಲೆಯಲ್ಲಿ ಏನೋ ಇದೆ, ಕಾಯ್ದು ನೋಡೋಣ ಅನ್ನಿಸಿತು ಅಂದಳು. ಏನಿದೆ ಅಂತ ಹೇಳಿ ಅಂತ ಕೂತಳು. ಅವ್ವನೂ ಅಲ್ಲೇ ಕೂತಿದ್ದಳು, ಬೆಕ್ಕೂ ಕೂತಿತ್ತು. ಆದದ್ದಾಗಲಿ ಅಂತ ಹೇಳಿಬಿಟ್ಟೆ.

"ಬೆಳಿಗ್ಗೆ ನೀನು ಅಲ್ಲಿ ಬಂದು ಕೂರ್ತಿದ್ದೆ. ಈಗ ಬರ್ತಾ ಇಲ್ಲ."

ಅವ್ವ ಎದ್ದು, ಪೂಜೆಗೆ ಹೊತ್ತಾಯಿತು ಅಂತ ಒಳಗೆ ಹೋದಳು. ಪೂಜೆ ಬೆಳಿಗ್ಗೆಯೇ ಮುಗಿದಿತ್ತು. ಮಂಗಳಾ ಹೋಗಿ ಟ್ರೇ ಎತ್ತಿ ತಂದು, ನನ್ನ ಕುರ್ಚಿ ಒಂದಡಿ ಸರಿಸಿ, ಮೂಲೆಯಲ್ಲಿ ಇಟ್ಟಳು. ಆಮೇಲೆ ಮರಳು ಜಾಲಿಸುವ ತೂತಿನ ಸೌಟನ್ನು ತಂದು ನನ್ನ ಕೈಯಲ್ಲಿ ಇಟ್ಟಳು. ಜಾಗ ಅನುಭವಿಸಿದವರೇ ಕಂದಾಯ ಕಟ್ಟಬೇಕು ಅಂತ ಮಹಜರಿನ ದಿನ ನೀವೇ ಹೇಳಿದ್ದಿರಿ ಅಂದಳು.

ಈಗ ಬೆಳಿಗ್ಗೆ ಆರೂವರೆಗೆ ನಮ್ಮ ಮನೆಗೆ ಬಂದರೆ ನೀವು ನೋಡಬಹುದು. ಪೂರ್ವದ ಕಿಟಕಿಯಿಂದ ಬಿಸಿಲು ಬೀಳುತ್ತಿರುತ್ತದೆ. ನನ್ನ ಬೆತ್ತದ ಕುರ್ಚಿಯಲ್ಲಿ ಮಂಗಳಾ, ಅವಳ ತೊಡೆಯ ಮೇಲೆ ಪಟೇಲ, ಪಕ್ಕದ ಸ್ಟೂಲಿನ ಮೇಲೆ ಎರಡು ಲೋಟ ಚಾ. ನಾನು ಕುಕ್ಕರಗಾಲಲ್ಲಿ ಕೂತು, ಮೂಗಿಗೆ ಟವೆಲ್ ಕಟ್ಟಿಕೊಂಡು ಕಂದಾಯ ಕಟ್ಟುತ್ತಿರುತ್ತೇನೆ. ಬಲಗಡೆ ಇನ್ನೊಂದು ಉಳಿದಿದೆ ನೋಡಿ ಅಂತ ಅವಳು ತೋರಿಸಿದರೆ ಪಟೇಲನೂ ಆ ಕಡೆಗೇ ನೋಡುತ್ತದೆ. ಮಾತಿಗೇನೂ ಕಡಿಮೆಯಿಲ್ಲ. ಕೈಯಲ್ಲಿ ಸೌಟು ಇರುವುದರಿಂದ ಪೇಪರ್ ಹಿಡಿಯಲು ಬರುವುದಿಲ್ಲ, ಹಾಗಾಗಿ ಪ್ರತಿಯೊಂದು ಮಾತೂ ಕಿವಿಗೆ ಬೀಳುತ್ತದೆ. ನಿನ್ನೆ ನಾದಿನಿಯ ಮಗಳ ಮದುವೆಯ ವಿಷಯ ಪೂರ್ತಿ ಬಂತು. ಛತ್ರ ಯಾವುದು, ಸೀರೆ ತರಲು ಯಾರು ಯಾರು ಹೋಗುತ್ತಾರೆ, ಹುಡುಗನ ಸೋದರಮಾವ ಯಾತಕ್ಕೆ ಮುನಿಸಿಕೊಂಡಿದ್ದಾನೆ, ಎಲ್ಲ ಹೇಳಿ ಕೊನೆಗೆ, ಏನಂತೀಯಾ, ನಾವು ಎರಡು ದಿನ ಮುಂಚೆನೇ ಹೋಗೋಣವಾ ಅಂತ ಕೇಳಿದಳು. ಹೋಗೋಣ, ನಾನು ರಜೆ ಹಾಕ್ತೀನಿ ಅಂದೆ.

"ನಿಮಗಲ್ಲ ರೀ, ಪಟೇಲನಿಗೆ ಕೇಳಿದ್ದು" ಅಂದಳು.

ನಾನು ಮರಳು ಜಾಲಿಸುವುದನ್ನು ನಿಲ್ಲಿಸಲಿಲ್ಲ. ಕೇಳಿದ್ದು ಯಾರಿಗಾದರೂ ಆಗಲಿ, ಆ ಸೋದರಮಾವನ ವಿಷಯ ಆನವಟ್ಟಿಯ ಬದುವಿನ ಮೇಲೆ ನಿಂತವನಿಗೂ ಇನ್ನೂ ಗೊತ್ತಿಲ್ಲ, ನನಗೆ ಗೊತ್ತು.